ಅಳಿಸಿದ ಕಡತಗಳ ಭಾರ

2004ರ ಜನವರಿ 21ರಂದು, ಮಂಗಳ ಗ್ರಹದ ಗುಸೆವ್ ಕುಳಿಯಲ್ಲಿ ಕೆಲಸ ಮಾಡುತ್ತಿದ್ದ ‘ಸ್ಪಿರಿಟ್’ ರೋವರ್ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿತು. ಅದು ಅಲ್ಲಿ ಕಳೆದ 18ನೆಯ ಮಂಗಳದಿನ. ಅದರ ಅವಳಿ ‘ಆಪರ್ಚುನಿಟಿ’ ಗ್ರಹದ ಮತ್ತೊಂದು ಬದಿಯಲ್ಲಿ ಇಳಿಯಲು ಇನ್ನು ಕೆಲವೇ ದಿನಗಳಿದ್ದವು. ಎರಡರಲ್ಲೂ ಇದ್ದದ್ದು ಒಂದೇ ತಂತ್ರಾಂಶ. ಆದ್ದರಿಂದ ಮೊದಲನೆಯದರ ಕಾಯಿಲೆ ತಿಳಿಯದೆ ಹೋದರೆ ಎರಡನೆಯದೂ ಅದೇ ಹಾದಿ ಹಿಡಿಯುವ ಭಯವಿತ್ತು.

ಪ್ಯಾಸಡೀನಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಎಂಜಿನಿಯರುಗಳ ಮೊದಲ ಅನುಮಾನ ಆಕಾಶದ ಮೇಲೆ ಹೋಯಿತು. ಸಂಕೇತಗಳನ್ನು ಕಳಿಸುತ್ತ, ಸ್ವೀಕರಿಸುತ್ತ ಇದ್ದ ಆಸ್ಟ್ರೇಲಿಯದ ಕ್ಯಾನ್‌ಬೆರಾ ಕೇಂದ್ರದ ಮೇಲೆ ಅಂದು ಗುಡುಗುಮಳೆ ಸುರಿಯುತ್ತಿತ್ತು. ಎರಡನೆಯ ಅನುಮಾನ ಒಂದು ಮೋಟಾರಿನ ಮೇಲೆ. ಮೌನಕ್ಕೆ ಮುನ್ನ ರೋವರ್ ತನ್ನ ಅವಗೆಂಪು ಉಪಕರಣವೊಂದರ ಮೋಟಾರನ್ನು ಪರೀಕ್ಷಿಸುತ್ತಿತ್ತು. ಎರಡೂ ಸಹಜವಾದ ಊಹೆಗಳೇ, ಆದರೆ ಎರಡೂ ನಿಜವಾಗಲಿಲ್ಲ. ಕಣ್ಣೆದುರು ನಡೆದ ಕೊನೆಯ ಘಟನೆಯನ್ನೇ ಕಾರಣವೆಂದು ಹಿಡಿಯುವುದು ಮನುಷ್ಯಸ್ವಭಾವ. ದೋಷ ಹುಡುಕುವವನ ಮೊದಲ ಹೋರಾಟ ಈ ಸ್ವಭಾವದೊಡನೆಯೇ.

ಮರುದಿನ ಬಂದದ್ದು ಬರಿಯ ಒಂದು ‘ಬೀಪ್’. ಭೂಮಿಯ ಕರೆ ಅದಕ್ಕೆ ಕೇಳಿಸಿದೆ ಎಂಬುದಕ್ಕಿಂತ ಹೆಚ್ಚೇನನ್ನೂ ಆ ಸದ್ದು ಹೇಳಲಿಲ್ಲ. 23ರಂದು ಸ್ವಲ್ಪ ಮಾಹಿತಿ ದೊರೆತಾಗ ಆತಂಕ ಹೆಚ್ಚಿತು. ರೋವರಿನ ಕಂಪ್ಯೂಟರ್ ಕುಸಿದು ಮತ್ತೆ ಏಳುತ್ತ, ಎದ್ದು ಮತ್ತೆ ಕುಸಿಯುತ್ತ ಇತ್ತು. ಮೂರು ದಿನಗಳಲ್ಲಿ ಅದು 60ಕ್ಕೂ ಹೆಚ್ಚು ಬಾರಿ ಹೀಗೆ ಮರುಪ್ರಾರಂಭಗೊಂಡಿತ್ತು. ಇದಕ್ಕಿಂತ ಕೆಟ್ಟ ಸಂಗತಿಯೆಂದರೆ ಅದು ರಾತ್ರಿ ನಿದ್ರಿಸುತ್ತಿರಲಿಲ್ಲ. ಸೂರ್ಯನ ಬೆಳಕೇ ಆಹಾರವಾಗಿರುವ ಯಂತ್ರ ಇರುಳೆಲ್ಲ ಎಚ್ಚರವಿದ್ದರೆ ಬ್ಯಾಟರಿ ಬರಿದಾಗುತ್ತದೆ. ಮಲಗೆಂದು ಕಳಿಸಿದ ಆದೇಶಕ್ಕೂ ಅದು ಮಣಿಯಲಿಲ್ಲ. ಒಂದು ಮಾತು ಅಲ್ಲಿಗೆ ತಲುಪಲು ಸುಮಾರು 10 ನಿಮಿಷ, ಉತ್ತರ ಮರಳಲು ಮತ್ತಷ್ಟೇ ಹೊತ್ತು. ಕುಸಿತ ಕುಸಿತಗಳ ನಡುವಿನ ಬಿಡುವಿನಲ್ಲಿಯೇ ಈ ಸಂಭಾಷಣೆ ಮುಗಿಯಬೇಕಿತ್ತು.

ಎಂಜಿನಿಯರುಗಳು ಹಿಡಿದ ಎಳೆ ಇದು: ಒಮ್ಮೆ ಕುಸಿದದ್ದು ಆಕಸ್ಮಿಕವಿರಬಹುದು, ಪ್ರತಿ ಬಾರಿ ಎದ್ದಾಗಲೂ ಕುಸಿಯುವುದಾದರೆ, ಏಳುವಾಗ ಅದು ಮಾಡುವ ಯಾವುದೋ ಕೆಲಸದಲ್ಲಿಯೇ ದೋಷವಿರಬೇಕು. ರ‍್ಯಾಮ್ ಎಂಬ ತಾತ್ಕಾಲಿಕ ಮೆಮೊರಿ ಪ್ರತಿ ಮರುಪ್ರಾರಂಭದಲ್ಲೂ ಹೊಸದಾಗುತ್ತದೆ. ಹಳೆಯದನ್ನು ಹೊತ್ತು ತರುವುದು ಫ್ಲ್ಯಾಶ್ ಮೆಮೊರಿ. ಹಾಗಾದರೆ ಫ್ಲ್ಯಾಶ್ ಅನ್ನು ಮುಟ್ಟದೆಯೇ ರೋವರನ್ನು ಎಬ್ಬಿಸಿದರೆ? ತಂತ್ರಾಂಶ ಬರೆದವರು ಅಂಥದೊಂದು ದಾರಿಯನ್ನು ಮೊದಲೇ ಇಟ್ಟಿದ್ದರು. ಅದರ ಹೆಸರೇ ‘ಕುಂಟು ಪ್ರಾರಂಭ’ ಎಂಬ ಅರ್ಥದ್ದು. ಅದರಲ್ಲಿ ರೋವರ್ ಕಡತಗಳನ್ನು ರ‍್ಯಾಮಿನಲ್ಲೇ ಇಟ್ಟುಕೊಂಡು ಕೆಲಸ ನಡೆಸುತ್ತದೆ. ಜನವರಿ 24ರಂದು ಆ ಆದೇಶ ಹೋಯಿತು. ಸ್ಪಿರಿಟ್ ಎದ್ದಿತು, ಕುಸಿಯಲಿಲ್ಲ. ತಂಡಕ್ಕೆ ಉಸಿರಾಡಲು, ಯೋಚಿಸಲು ಸಮಯ ಸಿಕ್ಕಿತು.

ಆಮೇಲೆ ಬಯಲಾದ ಕಾರಣ ಕುತೂಹಲಕರವಾದದ್ದು. ರೋವರಿನಲ್ಲಿದ್ದ ಆಪರೇಟಿಂಗ್ ಸಿಸ್ಟಂ ‘ವಿಎಕ್ಸ್‌ವರ್ಕ್ಸ್’. ಮೆಮೊರಿ 128 ಮೆಗಾಬೈಟ್ ರ‍್ಯಾಮ್, 256 ಮೆಗಾಬೈಟ್ ಫ್ಲ್ಯಾಶ್. ಕಡತಗಳ ವ್ಯವಸ್ಥೆ ಹಳೆಯ ಡಾಸ್ ಮಾದರಿಯದು. ಆ ಮಾದರಿಯಲ್ಲಿ ಕಡತವನ್ನು ಅಳಿಸಿದರೆ ಪಟ್ಟಿಯಲ್ಲಿ ಅದರ ಹೆಸರಿನ ಮೊದಲ ಅಕ್ಷರ ಬದಲಾಗಿ ‘ಇದು ಅಳಿದದ್ದು’ ಎಂಬ ಗುರುತು ಬೀಳುತ್ತದೆ, ಅಷ್ಟೆ. ಪಟ್ಟಿಯಲ್ಲಿನ ಅದರ ಸಾಲು ಹಾಗೆಯೇ ಉಳಿಯುತ್ತದೆ. ನಮ್ಮ ವರ್ತಕರೂ ಶಾನುಭೋಗರೂ ಬಳಸುತ್ತಿದ್ದ ಕಡತವೆಂದರೆ ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದ ಕಪ್ಪು ಬಟ್ಟೆ. ಬಳಪದಲ್ಲಿ ಬರೆದದ್ದನ್ನು ಒರೆಸಿದರೆ ಜಾಗ ನಿಜವಾಗಿಯೂ ಖಾಲಿಯಾಗುತ್ತಿತ್ತು. ಅದೇ ಹೆಸರನ್ನು ನಾವು ಕೊಟ್ಟಿರುವ ಈ ಹೊಸ ಕಡತಕ್ಕೆ ಆ ಗುಣವಿಲ್ಲ.

2003ರ ಜೂನ್ 10ರಂದು ಹೊರಟ ನೌಕೆ ಏಳು ತಿಂಗಳ ಪ್ರಯಾಣದಲ್ಲಿ ಅನೇಕ ಕಡತಗಳನ್ನು ಕಲೆಹಾಕಿತ್ತು. ನೆಲ ಮುಟ್ಟಿದ ಮೇಲೆ ಇನ್ನಷ್ಟು ಸೇರಿದವು. ಎದ್ದಾಗಲೆಲ್ಲ ಆಪರೇಟಿಂಗ್ ಸಿಸ್ಟಂ ಆ ಪಟ್ಟಿಯ ಪ್ರತಿಯನ್ನು, ಅಳಿದ ಸಾಲುಗಳ ಸಮೇತ, ರ‍್ಯಾಮಿನಲ್ಲಿ ಕಟ್ಟಿಕೊಳ್ಳುತ್ತಿತ್ತು. ಪಟ್ಟಿ ಬೆಳೆದಂತೆ ರ‍್ಯಾಮ್ ಸಾಲದಾಯಿತು. ಇಲ್ಲಿ ಎರಡು ಹೊಂದಾಣಿಕೆಗಳು ಕೂಡಿ ಕೇಡು ಮಾಡಿದವು. ತನ್ನ ಪಾಲಿನ ಮೆಮೊರಿ ಮುಗಿದರೆ ವ್ಯವಸ್ಥೆಯ ಪಾಲಿಗೂ ಕೈಹಾಕಲು ಕಡತವಿಭಾಗಕ್ಕೆ ಅನುಮತಿಯಿತ್ತು. ಕೇಳಿದ ಮೆಮೊರಿ ಸಿಗದಿದ್ದರೆ, ಕೇಳಿದ ಕಾರ್ಯಕ್ಕೆ ‘ಇಲ್ಲ’ ಎಂಬ ಉತ್ತರ ಕೊಡುವ ಬದಲು ಅದನ್ನು ನಿಂತಲ್ಲೇ ಸ್ತಬ್ಧಗೊಳಿಸುವ ನಿಯಮವೂ ಇತ್ತು. ಸ್ತಬ್ಧವಾದ ಕಾರ್ಯದ ಕೈಯಲ್ಲಿಯೇ ಕಡತವ್ಯವಸ್ಥೆಯ ಬೀಗದ ಕೈ ಉಳಿಯಿತು. ಉಳಿದ ಕಾರ್ಯಗಳು ಬಾಗಿಲಲ್ಲಿ ಕಾದು ನಿಂತವು. ಯಂತ್ರದ ಆರೋಗ್ಯ ನೋಡಿಕೊಳ್ಳುವ ಕಾವಲು ಭಾಗ, ಇದು ಸರಿಯಿಲ್ಲವೆಂದು ಎಲ್ಲವನ್ನೂ ಮರುಪ್ರಾರಂಭಿಸಿತು. ಎದ್ದೊಡನೆ ಮತ್ತೆ ಅದೇ ಪಟ್ಟಿ, ಅದೇ ಕುಸಿತ.

ಅಪಾಯದ ಸುಳಿವು ತಂಡಕ್ಕೆ ಇಲ್ಲದಿರಲಿಲ್ಲ. ಪ್ರಯಾಣಕಾಲದ ಹಳೆಯ ಕಡತಕೋಶಗಳನ್ನು ಅಳಿಸುವ ಸಣ್ಣ ತಂತ್ರಾಂಶವೊಂದನ್ನು 15ನೆಯ ದಿನವೇ ಕಳಿಸಲಾಗಿತ್ತು. ಅದರ ಎರಡು ಭಾಗಗಳಲ್ಲಿ ಒಂದು ಮಾತ್ರ ತಲುಪಿತು. ಮರುರವಾನೆಗೆ ಗೊತ್ತಾಗಿದ್ದದ್ದು 19ನೆಯ ದಿನ. ಯಂತ್ರ ಕುಸಿದದ್ದು 18ನೆಯ ದಿನ. ಭೂಮಿಯ ಮೇಲಿನ ಪರೀಕ್ಷೆಗಳಲ್ಲಿ ಈ ದೋಷ ಕಾಣಿಸದಿರಲು ಕಾರಣವೂ ಕಾಲವೇ. ಇಷ್ಟು ಕಡತಗಳು ಕೂಡಿಬೀಳುವಷ್ಟು ದೀರ್ಘಕಾಲ ಯಾವ ಪರೀಕ್ಷೆಯೂ ನಡೆದಿರಲಿಲ್ಲ.

ಫೆಬ್ರವರಿ 6ರಂದು ಫ್ಲ್ಯಾಶ್ ಅನ್ನು ಪೂರ್ತಿ ಅಳಿಸಿ ಹೊಸದಾಗಿ ಅಣಿಗೊಳಿಸಲಾಯಿತು. ಸುಮಾರು 90 ಮಂಗಳದಿನಗಳಿಗೆಂದು ಯೋಜಿಸಿದ್ದ ಸ್ಪಿರಿಟ್ 2010ರ ಮಾರ್ಚ್‌ವರೆಗೂ ಮಾತಾಡುತ್ತಿತ್ತು. ಈ ಅನುಭವವನ್ನು ತಂಡದ ಗ್ಲೆನ್ ರೀವ್ಸ್ ಮತ್ತು ಟ್ರೇಸಿ ನೀಲ್ಸನ್ 2005ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ತಮ್ಮ ಕೆಲಸದೊಳಗಿನ ದೋಷವನ್ನು ಹೀಗೆ ಲೋಕದ ಮುಂದಿಟ್ಟದ್ದರಿಂದಲೇ ಅದು ಇಂದಿಗೂ ಪಾಠವಾಗಿ ಉಳಿದಿದೆ.

ದೋಷವಿಲ್ಲದ ವ್ಯವಸ್ಥೆಯನ್ನು ಕಟ್ಟಲಾಗುವುದಿಲ್ಲ. ಆದರೆ ದೋಷ ಬಂದಾಗ ಒಳಹೋಗಲು ಒಂದು ಹಿತ್ತಿಲ ಬಾಗಿಲನ್ನು ಉಳಿಸಿಕೊಳ್ಳಬಹುದು. ಸ್ಪಿರಿಟ್ ಅನ್ನು ಉಳಿಸಿದ್ದು ಅಂಥ ಬಾಗಿಲು. ಅದರ ಉಪಯೋಗ ಅಲ್ಲಿಗೇ ಮುಗಿಯಲಿಲ್ಲ. ಹತ್ತು ವರ್ಷಗಳ ನಂತರ ಆಪರ್ಚುನಿಟಿಯ ಫ್ಲ್ಯಾಶ್ ಮುಪ್ಪಿನಿಂದ ಸವೆದು, ಅದಕ್ಕೆ ಮರೆವು ಕವಿಯತೊಡಗಿತು. ಆಗ ತಂಡ ಫ್ಲ್ಯಾಶ್ ಬಳಸುವುದನ್ನೇ ಬಿಟ್ಟಿತು. ಹಗಲು ಕಂಡದ್ದನ್ನು ನಿದ್ರೆಗೆ ಮುನ್ನ ಭೂಮಿಗೆ ಒಪ್ಪಿಸಿ, ಮರುದಿನ ಬರಿದಾದ ನೆನಪಿನೊಡನೆ ಏಳುತ್ತ, ಆ ಮುದಿ ರೋವರ್ 2018ರ ಜೂನ್ ತಿಂಗಳ ಧೂಳುಬಿರುಗಾಳಿಯವರೆಗೂ ಕೆಲಸ ಮಾಡಿತು.