ತಾಯಿಯ ಪಾಲನ್ನು ತೂಗಿದ ವಿದ್ಯೆ

ಇಂದು ಕೊಯಮತ್ತೂರು, ತಿರುಪ್ಪೂರು ಎಂಬ ಎರಡು ಜಿಲ್ಲೆಗಳಾಗಿ ವಿಭಕ್ತವಾಗಿರುವ ಸೀಮೆಯು ಕನ್ನಡಿಗರಿಗೆ ಪರಕೀಯವಾದುದಲ್ಲ. 1799ರಲ್ಲಿ ಟಿಪ್ಪುವಿನ ಪತನವಾಗುವವರೆಗೆ ಅದು ಮೈಸೂರಿನ ಆಳ್ವಿಕೆಗೆ ಒಳಪಟ್ಟಿದ್ದಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಮ್ಮ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯದೇ ಒಂದು ತಾಲ್ಲೂಕಾಗಿದ್ದಿತು. ಮನೆಯೊಳಗೆ ಕನ್ನಡವನ್ನಾಡುವ ದೇವಾಂಗ ನೇಕಾರರು ಅಲ್ಲಿ ಈಗಲೂ ನೆಲೆಸಿದ್ದಾರೆ. ಆ ಸೀಮೆಯ ಚರಿತ್ರೆಯನ್ನು ಬರೆಯುವವರು 1888ರಲ್ಲಿ ತಲೆಯೆತ್ತಿದ ನೂಲಿನ ಗಿರಣಿಯನ್ನೂ, 1932ರಲ್ಲಿ ನೀಲಗಿರಿಯಿಂದಿಳಿದ ಪೈಕಾರದ ವಿದ್ಯುತ್ತನ್ನೂ, ತಿರುಪ್ಪೂರಿನ ಬನಿಯನ್ನನ್ನೂ ಸವಿಸ್ತಾರವಾಗಿ ವರ್ಣಿಸುತ್ತಾರೆ. ಆದರೆ ಆ ಗಿರಣಿಗಳಿಗೆ ದುಡಿಯುವವರನ್ನು ಹೆತ್ತು ಸಾಕಿದ ತಾಯಂದಿರು ಏನನ್ನು ಉಂಡರು, ಎಷ್ಟು ಉಂಡರು ಎಂಬುದನ್ನು ಅರಿಯಬೇಕಾದರೆ ನಾವು ಒಂದು ಮಹಿಳಾ ವಿದ್ಯಾಲಯದ ಕಡೆಗೆ ತಿರುಗಬೇಕಾಗುತ್ತದೆ.

ತಿರುಪ್ಪೂರಿನಲ್ಲಿ 1903ರಲ್ಲಿ ಜನಿಸಿ, ಸ್ವಾತಂತ್ರ್ಯ ಸಂಗ್ರಾಮದಲ್ಲಿ ಭಾಗಿಯಾಗಿ, 1930ರಲ್ಲಿ ಶ್ರೀ ರಾಮಕೃಷ್ಣ ವಿದ್ಯಾಲಯವನ್ನು ಆರಂಭಿಸಿ, 1946ರಿಂದ 1949ರವರೆಗೆ ಮದರಾಸು ಪ್ರಾಂತದ ಶಿಕ್ಷಣ ಸಚಿವರಾಗಿದ್ದ ತಿ. ಸು. ಅವಿನಾಶಿಲಿಂಗಂ ಚೆಟ್ಟಿಯಾರರು 1957ರಲ್ಲಿ ಕೊಯಮತ್ತೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಗೃಹವಿಜ್ಞಾನದ ಕಾಲೇಜನ್ನು ಸ್ಥಾಪಿಸಿದರು. ಅಮೆರಿಕದ ಓಹಾಯೋದಲ್ಲಿ ಉನ್ನತ ವ್ಯಾಸಂಗ ಮಾಡಿ ಬಂದಿದ್ದ ಡಾ. ರಾಜಮ್ಮಾಳ್ ಪಿ. ದೇವದಾಸ್ ಅವರು ಅದರ ಚುಕ್ಕಾಣಿಯನ್ನು ಹಿಡಿದ ತರುವಾಯ, ಅಡಿಗೆ ಹೊಲಿಗೆಗಳ ಪಾಠವೆಂದು ಪಂಡಿತರು ಹಗುರವಾಗಿ ಕಂಡಿದ್ದ ಆ ವಿದ್ಯೆಯು ಸಂಶೋಧನೆಯ ಗಾಂಭೀರ್ಯವನ್ನು ತಾಳಿತು. 1964ರಿಂದ ಅಲ್ಲಿಂದಲೇ ಪೋಷಣಶಾಸ್ತ್ರದ ಒಂದು ಪತ್ರಿಕೆಯೂ ಹೊರಡತೊಡಗಿತು. 1988ರಲ್ಲಿ ಆ ಸಂಸ್ಥೆಗೆ ವಿಶ್ವವಿದ್ಯಾನಿಲಯಕ್ಕೆ ಸಮಾನವಾದ ಪದವಿಯು ಪ್ರಾಪ್ತವಾಯಿತು.

ಆಹಾರ ಸಮೀಕ್ಷೆಯ ಕ್ರಮವನ್ನು ಬಲ್ಲವರಿಗೆ, ತಾಯಂದಿರ ಊಟವನ್ನು ಅಳೆಯಲು ಅಲ್ಲಿನ ವಿದ್ಯಾರ್ಥಿನಿಯರು ಕೈಗೊಂಡ ಅಧ್ಯಯನದ ಶ್ರಮವು ತಿಳಿಯದಿರದು. ನಿನ್ನೆ ಏನನ್ನು ಉಂಡೆಯಮ್ಮಾ ಎಂದು ಕೇಳಿ ಬರೆದುಕೊಳ್ಳುವುದು ಸುಲಭದ ಮಾರ್ಗ. ಒಲೆಗೇರುವ ಮುನ್ನ ಧಾನ್ಯವನ್ನು ತೂಗಿ, ಬೆಂದ ಮೇಲೆ ಮತ್ತೆ ತೂಗಿ, ಯಾರ ತಟ್ಟೆಗೆ ಎಷ್ಟು ಬಿದ್ದಿತೆಂಬುದನ್ನು ಪ್ರತ್ಯೇಕವಾಗಿ ಗುರುತಿಸುವುದು ಕಠಿನವಾದ ಮಾರ್ಗ. ಒಂದೇ ಮಡಕೆಯಿಂದ ಎಲ್ಲರೂ ಉಣ್ಣುವ ಮನೆಯಲ್ಲಿ ಒಟ್ಟು ಅಡಿಗೆಯನ್ನು ತಲೆಗಳಿಂದ ಭಾಗಿಸಿದರೆ ಬರುವ ಲೆಕ್ಕವು ಸುಳ್ಳು. ಏಕೆಂದರೆ ಗಂಡಸರೂ ಮಕ್ಕಳೂ ಎದ್ದ ಬಳಿಕ ಕಡೆಗೆ ಕುಳಿತುಕೊಳ್ಳುವ ಗೃಹಿಣಿಯ ಪಾಲು, ಆಕೆ ಬಸುರಿಯಾಗಿರಲಿ ಬಾಣಂತಿಯಾಗಿರಲಿ, ಉಳಿದದ್ದರ ಪಾಲೇ ಆಗಿರುತ್ತದೆ. ತಕ್ಕಡಿಯೊಡನೆ ಆ ಕಡೆಯ ಪಂಕ್ತಿಯವರೆಗೂ ಕಾದು ಕುಳಿತ ವಿದ್ಯಾರ್ಥಿನಿಗೆ ಮಾತ್ರ ಆ ಪಾಲು ಕಾಣಿಸೀತು. ಮಗುವಿನ ತೋಳಿನ ಸುತ್ತಳತೆ, ತೂಕ, ತಾಯಿಯ ರಕ್ತದ ಹಿಮೋಗ್ಲೋಬಿನ್ ಇವೆಲ್ಲವೂ ಆ ತಟ್ಟೆಯ ಪರಿಣಾಮವನ್ನು ನುಡಿಯುವ ಸಾಕ್ಷಿಗಳು.

ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಆ ನೆಲದ ಬೆಳೆಗಳಾದರೋ ದರಿದ್ರವಾದುವಲ್ಲ: ಜೋಳ, ಸಜ್ಜೆ, ರಾಗಿ, ನೆಲಗಡಲೆ, ಹಿತ್ತಿಲ ನುಗ್ಗೆ, ಅಗಸೆಯ ಸೊಪ್ಪು. ಇವುಗಳಿಂದಲೇ ಶಿಶುವಿನ ಆಹಾರವನ್ನು ರೂಪಿಸಬಹುದೆಂಬುದನ್ನು ಆ ವಿದ್ಯಾಲಯವು ತೋರಿಸಿಕೊಟ್ಟಿತು. ಹುರಿದ ಧಾನ್ಯದ ಹಿಟ್ಟು, ಹೆಸರು, ನೆಲಗಡಲೆ, ಬೆಲ್ಲಗಳನ್ನು ಬೆರಸಿ ಸಿದ್ಧಪಡಿಸಿದ ‘ಕುಳಂದೈ ಅಮುದು’ ಎಂಬ ಪುಷ್ಟಿಹಿಟ್ಟು, ಡಬ್ಬಿಯ ಆಹಾರವನ್ನು ಕೊಳ್ಳಲಾರದ ಮನೆಗಳಿಗೆ ಉತ್ತರವಾಗಿ ಹುಟ್ಟಿದುದು. ಪಪ್ಪಾಯಿ ಮತ್ತು ದಂಟಿನ ಸೊಪ್ಪಿನ ಕೆರೋಟಿನ್ನು ಎಳೆಯ ಮಕ್ಕಳ ಮೈಗೆ ಎಷ್ಟರಮಟ್ಟಿಗೆ ಹತ್ತುತ್ತದೆಂಬ ಪರೀಕ್ಷೆಯ ಫಲವು 1980ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಕಟವಾಯಿತು. ಇರುಳುಗುರುಡಿಗೆ ಮದ್ದನ್ನು ಹಿತ್ತಿಲಿನಲ್ಲಿಯೇ ಅರಸಿದ ಪ್ರಯತ್ನವದು.

ಆದರೆ ಈ ವಿದ್ಯೆಗೆ ಒಂದು ಮಿತಿಯೂ ಉಂಟು. ತಾಯಿಗೆ ಅರಿವಿಲ್ಲ, ಅರಿವನ್ನಿತ್ತರೆ ಮನೆಯು ಸುಧಾರಿಸೀತು ಎಂಬ ನಂಬಿಕೆಯು ಗೃಹವಿಜ್ಞಾನದ ಹುಟ್ಟಿನಲ್ಲಿಯೇ ಇದೆ. ಆದರೆ ನುಗ್ಗೆಸೊಪ್ಪಿನ ಗುಣವನ್ನು ಅರಿಯದ ತಾಯಿ ಆ ಸೀಮೆಯಲ್ಲಿ ದುರ್ಲಭ. ನಸುಕಿನಲ್ಲಿ ದುಡಿಮೆಗೆ ಹೊರಟು ಕತ್ತಲಾದ ಮೇಲೆ ಮರಳುವವಳಿಗೆ ಅದನ್ನು ಬಿಡಿಸಿ, ಬೇಯಿಸಿ, ಎಳೆಗೂಸಿಗೆ ಕೈತುತ್ತು ಕೊಡುವ ಹೊತ್ತೇ ದುರ್ಲಭವಾದುದು. 1961ರ ಹೆರಿಗೆ ಸೌಲಭ್ಯ ಕಾಯಿದೆಯಾಗಲಿ, ರಜೆಯನ್ನು 26 ವಾರಗಳಿಗೆ ಏರಿಸಿ, 50 ಇಲ್ಲವೆ ಅದಕ್ಕೂ ಹೆಚ್ಚು ಮಂದಿ ದುಡಿಯುವೆಡೆ ಶಿಶುಗೃಹವಿರಬೇಕೆಂದು ವಿಧಿಸಿದ 2017ರ ತಿದ್ದುಪಡಿಯಾಗಲಿ ಒಪ್ಪಿಕೊಂಡದ್ದು ಈ ಸತ್ಯವನ್ನೇ. ಆದರೆ ತುಂಡುಗೂಲಿಗೆ ಮನೆಯಲ್ಲಿಯೇ ಕುಳಿತು ಹೊಲಿಯುವ, ನೂಲು ಕತ್ತರಿಸುವ ಹೆಂಗಸಿಗೆ ಅಂತಹ ಕಾಯಿದೆಯ ನೆರಳು ತಲುಪುವುದು ಕಷ್ಟ.

ಹೀಗಿರುವಾಗ, ತಾಯಿಯ ಪಾಲನ್ನು ಗ್ರಾಂಗಳ ಲೆಕ್ಕದಲ್ಲಿ ಬರೆದಿಟ್ಟುದು ಆ ತಲೆಮಾರಿನ ವಿದ್ಯಾರ್ಥಿನಿಯರ ಹಿರಿಮೆ.  ಇಂದು ತಿರುಪ್ಪೂರಿನ ಬೀದಿಗಳಲ್ಲಿ ಸಮೀಕ್ಷೆಗೆ ಹೊರಡುವವಳು ಅದೇ ಹಾಳೆಯಲ್ಲಿ ತಾಯಿ ದುಡಿಯುವ ಗಂಟೆಗಳನ್ನೂ, ಕೈಗೆ ಬರುವ ಕೂಲಿಯನ್ನೂ ಬರೆದುಕೊಳ್ಳಬೇಕು. ಆಗ ಕೊರತೆಯ ಹೊಣೆಯನ್ನು ತಾಯಿಯೊಬ್ಬಳ ಮೇಲೆಯೇ ಹೊರಿಸುವ ವಾಡಿಕೆಯು ತಾನಾಗಿ ನಿಲ್ಲುವುದು.