ಅಪ್ಪ ಕುಡಿಯಲ್ಲ, ಆದ್ರೂ ಫ್ಯಾಟಿ ಲಿವರ್: ನಮ್ಮ ಏರಿಯಾದ ತಟ್ಟೆಯ ಹಿಸ್ಟರಿ

(1/3)
ಕಳೆದ ತಿಂಗಳು ಅಪ್ಪನಿಗೆ ಹೊಟ್ಟೆನೋವು ಅಂತ ಸ್ಕ್ಯಾನ್ ಮಾಡಿಸಿದ್ವಿ. ಕಲ್ಲು ಇರಬಹುದು ಅನ್ಕೊಂಡಿದ್ವಿ, ಇರಲಿಲ್ಲ. ರಿಪೋರ್ಟಿನ ಕೊನೇಲಿ ಮಾತ್ರ ಒಂದು ಸಾಲು: ಗ್ರೇಡ್ 1 ಫ್ಯಾಟಿ ಲಿವರ್. ವಿಷಯ ತಿಳಿದ ನೆಂಟರೊಬ್ಬರು ಅಮ್ಮನ್ನ ಅಡುಗೆಮನೆಗೆ ಕರ್ಕೊಂಡು ಹೋಗಿ "ಯಾವಾಗಿಂದ ತಗೋತಾರೆ?" ಅಂತ ಕೇಳಿದ್ರು. ಅಪ್ಪ ಜೀವನದಲ್ಲಿ ಒಂದು ಬಿಯರ್ ಮುಟ್ಟಿದವರಲ್ಲ. ಹಾಲ್‌ನಲ್ಲಿ ಕೂತಿದ್ದ ಅವರಿಗೂ ಅದು ಕೇಳಿಸ್ತು. ಹಂಗಾಗಿ ಈ ಸಲದ ಪೋಸ್ಟ್ ಕೆರೆ ಬಗ್ಗೆ ಅಲ್ಲ, ಗುಡಿ ಬಗ್ಗೆನೂ ಅಲ್ಲ, ಲಿವರ್ ಬಗ್ಗೆ. ನಗಬೇಡಿ, ಇದೂ ನಮ್ಮ ಏರಿಯಾದ ಹಿಸ್ಟರಿನೇ.

ಆ ನೆಂಟರನ್ನ ಬೈಯೋಣ ಅಂದ್ರೆ, ಅದೇ ಪ್ರಶ್ನೆನ ಡಾಕ್ಟರ್‌ಗಳೂ ಕೇಳ್ತಿದ್ರು. ಕುಡುಕರ ಲಿವರ್ ಥರನೇ ಕಾಣೋ ಲಿವರ್ ಇಟ್ಕೊಂಡು "ನಾನು ಕುಡಿಯಲ್ಲ ಸರ್" ಅಂದ್ರೆ ನಂಬೋದು ಕಷ್ಟ ಆಗ್ತಿತ್ತು. 1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಯೂರ್ಗೆನ್ ಲುಡ್ವಿಗ್ ಮತ್ತು ಜೊತೆಗಾರರು ಇಂಥ 20 ಜನರ ಬಗ್ಗೆ ಬರೆದು, ಹೆಸರೇ ಇಲ್ಲದ ಕಾಯಿಲೆಗೆ ಒಂದು ಹೆಸರು ಕೊಟ್ರು: ನಾನ್-ಆಲ್ಕೋಹಾಲಿಕ್ ಸ್ಟಿಯಾಟೋಹೆಪಟೈಟಿಸ್. ಅಂದ್ರೆ ಕೊಬ್ಬು ಕೂತು, ಊತವೂ ಬಂದಿರೋ ಲಿವರ್. ಆ 20 ಜನರಲ್ಲಿ ಹೆಚ್ಚಿನವರು ದಪ್ಪ ಇದ್ರು, ಹಲವರಿಗೆ ಶುಗರ್ ಇತ್ತು. 2023ರಲ್ಲಿ 'ಆಲ್ಕೋಹಾಲಿಕ್', 'ಫ್ಯಾಟಿ' ಎರಡೂ ಅವಮಾನ ಮಾಡೋ ಪದಗಳು ಅಂತ ಜಗತ್ತಿನ ಲಿವರ್ ತಜ್ಞರು ಸೇರಿ ಹೆಸರನ್ನೇ ಬದಲಾಯಿಸಿದ್ರು. ಆ ಬದಲಾವಣೆ ನಮ್ಮ ಅಡುಗೆಮನೆವರೆಗೂ ಇನ್ನೂ ಬಂದಿಲ್ಲ, ಅಷ್ಟೆ.

(2/3)
ಈಗ ತಟ್ಟೆ ಕಥೆ. "ಹಿಂದಿನವರು ಮುದ್ದೆ ತಿಂದು ಗಟ್ಟಿಯಾಗಿದ್ರು, ನಾವು ಗೋಬಿ ತಿಂದು ಹಾಳಾದ್ವಿ." ಎಲ್ಲರ ಮನೇಲೂ ಈ ಡೈಲಾಗ್ ಇದೆ. ನಾನೂ ಇದನ್ನೇ ಬರೆಯೋಕೆ ಕೂತಿದ್ದೆ. ಬರೀತಾ ಬರೀತಾ ಅರ್ಧ ಮಾತ್ರ ಸರಿ ಅನ್ನಿಸ್ತು.

ಬಿಟಿಎಂ ಅಂದ್ರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರೂ ಊರುಗಳು. ಜೆಪಿ ನಗರದೊಳಗೆ ಸಾರಕ್ಕಿ, ಪುಟ್ಟೇನಹಳ್ಳಿ ಇನ್ನೂ ಹೆಸರಲ್ಲಿ ಉಳ್ಕೊಂಡಿವೆ. ಇದು ರಾಗಿ ಸೀಮೆ. ನಮ್ಮ ತಾತ ಪುಟ್ಟೇನಹಳ್ಳಿ ಕಡೆ ಹೊಲದಲ್ಲಿ ಕೆಲಸ ಮಾಡಿದವರು. ಬೆಳಗ್ಗೆ ಮುದ್ದೆ, ರಾತ್ರಿ ಮುದ್ದೆ, ಅನ್ನ ಅಂದ್ರೆ ಹಬ್ಬ. ಆದ್ರೆ ಗಮನಿಸಿ, ಮುದ್ದೆನೂ ಬಹುಪಾಲು ಪಿಷ್ಟನೇ. ಬಿಳಿ ಅಕ್ಕಿಗಿಂತ ನಾರು ಜಾಸ್ತಿ, ಕ್ಯಾಲ್ಸಿಯಂ ತುಂಬಾ ಜಾಸ್ತಿ, ಸರಿ. ಆದ್ರೆ ತಾತನ್ನ ಉಳಿಸಿದ್ದು ಮುದ್ದೆ ಒಂದೇ ಅಲ್ಲ, ಎರಡು ಮುದ್ದೆ ನಡುವೆ ಇದ್ದ ನೇಗಿಲು.

ಅಕ್ಕಿಗೆ ಮೊದಲಿಂದಲೂ ಮರ್ಯಾದೆ ಜಾಸ್ತಿ. ಕನಕದಾಸರು ರಾಮಧಾನ್ಯ ಚರಿತ್ರೆಯಲ್ಲಿ ರಾಗಿಗೂ ಭತ್ತಕ್ಕೂ ಜಗಳ ತಂದಿಟ್ಟು ರಾಗಿನ ಗೆಲ್ಲಿಸಬೇಕಾಯ್ತು ಅಂದ್ರೇನೇ ಲೆಕ್ಕ ಹಾಕಿ. ಎರಡನೇ ಮಹಾಯುದ್ಧದ ಹೊತ್ತಿಗೆ ಬೆಂಗಳೂರಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ವಿ ಅಂತ ಎಂಟಿಆರ್‌ನವರು ಹೇಳ್ತಾರೆ. ಆಮೇಲೆ ಕಾಲುವೆ ಬಂತು, ಹೊಸ ತಳಿ ಬಂತು, ರೇಷನ್ ಅಂಗಡಿ ಬಂತು. 2013ರ ಅನ್ನಭಾಗ್ಯದ ಹೊತ್ತಿಗೆ ಅಕ್ಕಿ ಕೆಜಿಗೆ 1 ರೂಪಾಯಿ. ಹಸಿದವರಿಗೆ ಅದು ದೊಡ್ಡ ವಿಷಯ, ಅದರ ಬಗ್ಗೆ ನಾನು ಕೊಂಕು ಮಾತಾಡಲ್ಲ. (ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯ ಭಾರತದ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ 'ಇಂಡಾಫ್' ತಳಿಗಳನ್ನ ತಂದು ಇಳುವರಿ ಏರಿಸಿದ್ರು. ಅವರ ಮೇಲೆ ಬೇರೆ ಪೋಸ್ಟೇ ಬೇಕು.)

ನನಗೆ ಈ ಕಥೆಯಲ್ಲಿ ಮುಖ್ಯ ಅನ್ನಿಸೋ ವರ್ಷ 1983. ಆ ವರ್ಷ ಆರ್. ಪ್ರಭಾಕರ್ ಅನ್ನೋರು ಜಯನಗರದಲ್ಲಿ ಕೆಫೆ ದರ್ಶಿನಿ ತೆಗೆದ್ರು. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ಟೋಕನ್ ತಗೋ, ನಿಂತು ತಿನ್ನು, ಹೋಗು. ಹೊರದೇಶದ ಫಾಸ್ಟ್‌ಫುಡ್ ಐಡಿಯಾ, ನಮ್ಮ ಇಡ್ಲಿ-ವಡೆ. ಬೆಂಗಳೂರಿನ ದರ್ಶಿನಿಗಳ ವಂಶ ಶುರುವಾಗಿದ್ದು ನಮ್ಮ ಏರಿಯಾದಲ್ಲೇ. ಅದೇ 1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ಬಂತು. ಎರಡಕ್ಕೂ ಸಂಬಂಧ ಇಲ್ಲ, ಕಾಕತಾಳೀಯ. ಆದ್ರೂ ನಿಂತು ತಿನ್ನೋ ಹೋಟೆಲ್ಲು, ಕೂತು ದುಡಿಯೋ ಕೆಲಸ ಒಂದೇ ವರ್ಷ ಬಂದಿದ್ದು ನೋಡಿ ನನಗೆ ತಲೆ ತಿರುಗ್ತು.

ದರ್ಶಿನಿ ತಪ್ಪಲ್ಲ. ಇಡ್ಲಿ ಹಬೆಯಲ್ಲಿ ಬೆಂದಿದ್ದು. ಬದಲಾಗಿದ್ದು ಟೈಮು. ತಿಂಡಿ ದಿನವಿಡೀ ಸಿಗೋ ಹಾಗಾಯ್ತು. ಆಮೇಲೆ ಎಲೆಕ್ಟ್ರಾನಿಕ್ ಸಿಟಿ ಕ್ಯಾಬು, ನೈಟ್ ಶಿಫ್ಟು, ಬಿಟಿಎಂ ಪಿಜಿಗಳಲ್ಲಿ ರಾತ್ರಿ 10ಕ್ಕೆ ಅನ್ನ-ಸಾಂಬಾರು. 2014ರಲ್ಲಿ ಪಕ್ಕದ ಕೋರಮಂಗಲದಲ್ಲಿ ಸ್ವಿಗ್ಗಿ ಶುರುವಾದ ಮೇಲೆ ಹೋಟೆಲ್‌ವರೆಗೆ ನಡೆಯೋದೂ ತಪ್ತು. ಅಪ್ಪನ ದಿನ ಬರ್ಕೊಂಡೆ: 8ಕ್ಕೆ ದೋಸೆ, ಕಾಫಿ. 11ಕ್ಕೆ ಕಾಫಿ, ಬಿಸ್ಕೆಟ್. ಮಧ್ಯಾಹ್ನ ಅನ್ನ. 5ಕ್ಕೆ ಬೇಕರಿ ಖಾರಾ ಬನ್, ಮತ್ತೆ ಕಾಫಿ. ರಾತ್ರಿ 10ಕ್ಕೆ ಮತ್ತೆ ಅನ್ನ. ನಡುವೆ ಅಕೌಂಟ್ಸ್ ಕೆಲಸ, ಕುರ್ಚಿ, ಆಕ್ಟಿವಾ. ಪ್ರತಿ ಕಾಫಿಗೂ ಎರಡು ಚಮಚ ಸಕ್ಕರೆ.

(3/3)
ಸೈನ್ಸ್ ಚಿಕ್ಕದಾಗಿ ಹೇಳ್ತೀನಿ, ನಾನು ಬಿಕಾಂ. ಲಿವರನ್ನ ಗೋಡೌನ್ ಅನ್ಕೊಳ್ಳಿ. ತಕ್ಷಣ ಬೇಕಾದ ಸಕ್ಕರೆ ಸ್ಟಾಕ್ ಸುಮಾರು 100 ಗ್ರಾಂ ಇಡುತ್ತೆ. ನಡೆದು, ದುಡಿದು ಖಾಲಿ ಮಾಡಿದ್ರೆ ಮತ್ತೆ ಜಾಗ. ಖಾಲಿನೇ ಆಗದೆ ಮಾಲು ಬರ್ತಾನೇ ಇದ್ರೆ ಅದನ್ನ ಕೊಬ್ಬು ಮಾಡುತ್ತೆ. ಲಿವರ್ ತೂಕದಲ್ಲಿ 5 ಪರ್ಸೆಂಟ್ ಮೀರಿದ್ರೆ ಫ್ಯಾಟಿ ಲಿವರ್. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್, ಅದು ಹೆಚ್ಚಾಗಿ ಲಿವರಿಗೇ ಹೋಗುತ್ತೆ. ಅಮೆರಿಕದಲ್ಲಿ 2005ರಲ್ಲಿ ಬಂದ ಒಂದು ಸಣ್ಣ ಸ್ಟಡಿಯಲ್ಲಿ ಲಿವರಿನ ಕೊಬ್ಬು ಎಲ್ಲಿಂದ ಬಂತು ಅಂತ ಲೆಕ್ಕ ಹಾಕಿದ್ರು: 59 ಪರ್ಸೆಂಟ್ ರಕ್ತದಲ್ಲಿ ಓಡಾಡೋ ಮೈಕೊಬ್ಬಿಂದ, 26 ಪರ್ಸೆಂಟ್ ಹಿಟ್ಟು-ಸಕ್ಕರೆಯಿಂದ ಲಿವರೇ ಮಾಡ್ಕೊಂಡಿದ್ದು, ನೇರವಾಗಿ ತಿಂದ ಕೊಬ್ಬಿಂದ 15 ಮಾತ್ರ. ಅಂದ್ರೆ "ಎಣ್ಣೆ ಬಿಟ್ಟಿದೀನಿ" ಅಂತ ಸಮಾಧಾನ ಮಾಡ್ಕೊಂಡು ಜ್ಯೂಸ್ ಕುಡಿಯೋದು ಲೆಕ್ಕ ತಪ್ಪು.

"ಅಂಕಲ್ ಸಣ್ಣಗೇ ಇದಾರಲ್ಲ?" ಅಂತ ಕ್ಲಾಸ್‌ನಲ್ಲಿ ಕೇಳಿದ್ರಿ. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್, ಲಂಡನ್ನಿನ ಡಾ. ಯಡ್ಕಿನ್ ಇಬ್ಬರೂ ಅಕ್ಕಪಕ್ಕ ನಿಂತ ಫೋಟೋ ಲ್ಯಾನ್ಸೆಟ್‌ನಲ್ಲಿ ಬಂತು. ಇಬ್ಬರ ಬಿಎಂಐ 22.3. ಯಡ್ಕಿನ್ ಮೈಯಲ್ಲಿ ಕೊಬ್ಬು 9.1 ಪರ್ಸೆಂಟ್, ಯಾಜ್ಞಿಕ್ ಮೈಯಲ್ಲಿ 21.2. ನಮ್ಮವರ ಕೊಬ್ಬು ಶರ್ಟಿನ ಸೈಜಲ್ಲಿ ಕಾಣಲ್ಲ. ಫೆಬ್ರವರಿ 2021ರಲ್ಲಿ ಕೇಂದ್ರ ಸರ್ಕಾರ ಇದನ್ನ ಶುಗರ್, ಹಾರ್ಟ್, ಕ್ಯಾನ್ಸರ್ ಇರೋ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸ್ತು.

ಡಾಕ್ಟರ್ ಅಪ್ಪನಿಗೆ ಸದ್ಯ ಮಾತ್ರೆ ಕೊಟ್ಟಿಲ್ಲ. ತೂಕದಲ್ಲಿ 7ರಿಂದ 10 ಪರ್ಸೆಂಟ್ ಇಳಿಸಿ ಅಂದಿದ್ದಾರೆ. 72 ಕೆಜಿಗೆ 5ರಿಂದ 7 ಕೆಜಿ. ಈಗ ಕಾಫಿಗೆ ಸಕ್ಕರೆ ಇಲ್ಲ (ಮುಖ ಹುಳ್ಳಗೆ ಮಾಡ್ಕೊಂಡೇ ಕುಡೀತಾರೆ), ಊಟ 8ಕ್ಕೆ, ಆಮೇಲೆ ನಾವಿಬ್ಬರೂ ಮಿನಿ ಫಾರೆಸ್ಟ್ ಕಡೆ ಒಂದು ರೌಂಡು. ಮೊನ್ನೆ ನಡೀತಾ "ನಿಮ್ಮ ತಾತ ಇಲ್ಲಿಂದ ಸಿಟಿ ಮಾರ್ಕೆಟ್‌ಗೆ ನಡ್ಕೊಂಡೇ ಹೋಗ್ತಿದ್ರು ಗೊತ್ತಾ" ಅಂದ್ರು. ಆ ನೆಂಟರು ಇನ್ನೊಂದು ಸಲ ಬಂದಾಗ ಅಮ್ಮ ಅವರಿಗೆ ಈ ಪೋಸ್ಟ್ ತೋರಿಸ್ತಾರಂತೆ.

ನಿಮ್ಮ ಅಜ್ಜ-ಅಜ್ಜಿ ಬೆಳಗ್ಗೆ ಏನು ತಿಂತಿದ್ರು, ಎಷ್ಟು ದೂರ ನಡೀತಿದ್ರು ಅಂತ ಕೇಳಿ ಕಾಮೆಂಟಲ್ಲಿ ಹಾಕಿ. ಏರಿಯಾ ಹೆಸರು ಮರೀಬೇಡಿ.