ಹರಕೆಯ ಲೆಕ್ಕ, ತೆರಿಗೆಯ ಲೆಕ್ಕ

ರಾಮನಗರ ದಾಟಿ ಚನ್ನಪಟ್ಟಣದ ಕಡೆ ಹೊರಟರೆ ಸಿಗುವ ಕೆಂಗಲ್ ಆಂಜನೇಯನ ಹುಂಡಿಗೆ ಎರಡು ಬಗೆಯ ಹಣ ಬೀಳುತ್ತದೆ. ಕಾರು ನಿಲ್ಲಿಸಿ ಕೈಮುಗಿಯುವ ಸಂಬಳದಾರನದು ಒಂದು, ಗೂಡು ಮಾರಿ ಬಂದ ರೇಷ್ಮೆ ರೈತನದು ಇನ್ನೊಂದು. ದಾನದ ಹಿಂದಿನ ಆರ್ಥಿಕ ಕಾರಣಗಳನ್ನು ಅರಸಿದ ಅರ್ಥಶಾಸ್ತ್ರಜ್ಞರು ಹೆಚ್ಚಾಗಿ ಮೊದಲನೆಯವನ ಜೇಬನ್ನೇ ನೋಡಿದ್ದಾರೆ.

ಶುರುವಾದದ್ದು ತೆರಿಗೆಯಿಂದ. ನೂರು ರೂಪಾಯಿ ಕೊಟ್ಟವನಿಗೆ ತೆರಿಗೆಯಲ್ಲಿ ಮೂವತ್ತು ಉಳಿದರೆ ಕೈಬಿಟ್ಟದ್ದು ಎಪ್ಪತ್ತೇ. ಹೀಗೆ ದಾನ ಅಗ್ಗವಾದರೆ ಜನ ಹೆಚ್ಚು ಕೊಡುತ್ತಾರೆಯೇ? ಅಷ್ಟೇನೂ ಇಲ್ಲ ಎಂದರು ಅಮೆರಿಕದ ಮೈಕೇಲ್ ಟಾಸಿಗ್, 1967ರಲ್ಲಿ. 1975ರಲ್ಲಿ ಮಾರ್ಟಿನ್ ಫೆಲ್ಡ್‌ಸ್ಟೀನ್ ಇದನ್ನು ತಿರುಗಿಸಿ, ಸರ್ಕಾರ ಬಿಟ್ಟುಕೊಟ್ಟ ತೆರಿಗೆಗಿಂತ ಹೆಚ್ಚೇ ದಾನ ಬರುತ್ತದೆಂದರು. ಅದೇ ಜನರ ಲೆಕ್ಕವನ್ನು ಹಲವು ವರ್ಷ ಹಿಂಬಾಲಿಸಿದ ವಿಲಿಯಂ ರ್ಯಾಂಡಾಲ್ಫ್ 1995ರಲ್ಲಿ ಕಂಡದ್ದು ಬೇರೆ: ರಿಯಾಯಿತಿ ನೋಡಿಕೊಂಡು ಜನ ಬಹುಪಾಲು ಕೊಡುವ ವರ್ಷವನ್ನು ಹಿಂದೆಮುಂದೆ ಮಾಡುತ್ತಾರೆ. ಸ್ಥಿರ ಆದಾಯ ಏರಿದರೆ ದಾನವೂ ಏರುತ್ತದೆ. ಒಂದು ವರ್ಷದ ಅದೃಷ್ಟಕ್ಕೆ ಅಷ್ಟು ಕೈ ಬಿಚ್ಚುವುದಿಲ್ಲ.

ಮುಂದಿನ ಪ್ರಶ್ನೆ ಸರ್ಕಾರದ್ದು. ಸರ್ಕಾರವೇ ಕೊಟ್ಟರೆ ಖಾಸಗಿ ದಾನ ಅಷ್ಟೇ ಇಳಿಯಬೇಕು ಎಂಬುದು 1982ರಲ್ಲಿ ಪೀಟರ್ ವಾರ್ ಬರೆದ ಪ್ರಬಂಧದ ತರ್ಕ. ಕೊಡುವುದರಲ್ಲೇ ಕೊಟ್ಟವನಿಗೊಂದು ಸಂತೋಷವಿದೆ, ಅದನ್ನು ಸರ್ಕಾರ ತುಂಬಿಕೊಡಲಾರದು ಎಂದು ಜೇಮ್ಸ್ ಆಂಡ್ರಿಯೋನಿ 1990ರಲ್ಲಿ ಉತ್ತರಿಸಿದರು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಶಿವಕುಮಾರ ಸ್ವಾಮೀಜಿಯವರ ಸಿದ್ಧಗಂಗಾ ಮಠವನ್ನು ನೋಡಿದವರಿಗೆ ಈ ಮಾತು ಹೊಸದಲ್ಲ. 2002ರಲ್ಲಿ ಶಾಲಾ ಮಕ್ಕಳಿಗೆ ಸರ್ಕಾರದ ಬಿಸಿಯೂಟ ಯೋಜನೆ, ಅಕ್ಷರ ದಾಸೋಹ, ಆರಂಭವಾಯಿತು. ಆದರೂ ಮಠದ ದಾಸೋಹಕ್ಕೆ ಭಕ್ತರು ದವಸ ಕೊಡುವುದು ನಿಲ್ಲಲಿಲ್ಲ.

ಆಮೇಲೆ ಪ್ರಯೋಗಗಳ ಕಾಲ. ನೀವು ಕೊಟ್ಟಷ್ಟೇ ನಾವೂ ಸೇರಿಸುತ್ತೇವೆಂದರೆ ದಾನ ಹೆಚ್ಚುತ್ತದೆ, ಮೂರುಪಟ್ಟು ಸೇರಿಸುತ್ತೇವೆಂದರೆ ಅದಕ್ಕಿಂತ ಹೆಚ್ಚುವುದಿಲ್ಲ ಎಂದು ಡೀನ್ ಕಾರ್ಲನ್ ಮತ್ತು ಜಾನ್ ಲಿಸ್ಟ್ 2007ರಲ್ಲಿ ತೋರಿಸಿದರು.

ಇಷ್ಟಾದರೂ ರೇಷ್ಮೆ ರೈತ ಹೊರಗೇ ಉಳಿದ.  ಆದಾಯ ತೆರಿಗೆ ಕಟ್ಟದ ರೈತನಿಗೆ, ದಾನಕ್ಕೆ ಸಿಗುವ 80ಜಿ ತೆರಿಗೆ ರಿಯಾಯಿತಿ ಸಂಬಂಧಿಸಿದ್ದಲ್ಲ. (ಹೊಸ ತೆರಿಗೆ ಪದ್ಧತಿಗೆ ಹೋದ ಸಂಬಳದಾರನಿಗೂ ಈಗ ಅದು ಸಿಗದು.) ರೈತನ ದಾನವನ್ನು ನಡೆಸುವುದು ಬೆಳೆ. ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದು ಸೊಪ್ಪು ಮೇಯುವಾಗ ಸುಣ್ಣಕಟ್ಟು ರೋಗ ತಗುಲಿದರೆ, ಗೂಡು ಕಟ್ಟಿಸುವ ಚಂದ್ರಿಕೆಗೆ ಬಿಡಲು ಏನೂ ಉಳಿಯದು. ಗೂಡು ಚೆನ್ನಾಗಿ ಕಟ್ಟಿದರೂ ರಾಮನಗರದ ಮಾರುಕಟ್ಟೆಯಲ್ಲಿ ಅವತ್ತಿನ ಹರಾಜು ಎಲ್ಲಿಗೆ ನಿಲ್ಲುತ್ತದೋ ಗೊತ್ತಿಲ್ಲ. ಅದಕ್ಕೇ ಹರಕೆ: ಈ ಬೆಳೆ ಕೈಹಿಡಿದರೆ ಇಷ್ಟು ಕೊಡುತ್ತೇನೆ, ಕೈಕೊಟ್ಟರೆ ಸಾಲವಿಲ್ಲ. ರ್ಯಾಂಡಾಲ್ಫ್ ಚಿಕ್ಕದೆಂದ ಆ ಒಂದು ಸಲದ ಅದೃಷ್ಟಕ್ಕೇ ಕಟ್ಟಿಹಾಕಿದ ದಾನವಿದು. ನನ್ನ ಮಟ್ಟಿಗೆ, ಮುಂದಿನ ಸಂಶೋಧನೆ ಮೊದಲು ಕೈಹಾಕಬೇಕಾದದ್ದು ಇಲ್ಲಿಗೆ.

ಕೈಹಾಕಿದವರು ರಸೀದಿಗಳನ್ನಷ್ಟೇ ನಂಬಿದರೆ ಸಾಲದು. ಮಠಕ್ಕೆ ಹೋದ ರಾಗಿ ಮೂಟೆ, ಜಾತ್ರೆಯ ಸಂತರ್ಪಣೆಗೆ ಕಾಯಿ ತುರಿದುಕೊಟ್ಟವರ ದುಡಿಮೆ ಅಲ್ಲಿರುವುದಿಲ್ಲ. 80ಜಿ ಕೂಡ ವಸ್ತುರೂಪದ ದಾನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.